ಲೆಕ್ಕಕ್ಕೆ ಸಿಗದ ದುಡಿಮೆ: ಸೇಲಂ–ಧರ್ಮಪುರಿ ಸೀಮೆಯ ಅವ್ವಂದಿರು



ಈ ಉಪನ್ಯಾಸ ನಡೆಯುತ್ತಿರುವುದು ತಾಯಿಯ ಹೆಸರಿನಲ್ಲಿ ಮಕ್ಕಳು ಇಟ್ಟಿರುವ ದತ್ತಿಯಿಂದ. ನಮ್ಮ ಸಂಸ್ಥೆಗಳ ದತ್ತಿಗಳ ಪಟ್ಟಿಯನ್ನು ತೆಗೆದು ನೋಡಿದರೆ ವಿದ್ವಾಂಸರು, ಅಧಿಕಾರಿಗಳು, ವ್ಯಾಪಾರಸ್ಥರು, ಸ್ವಾತಂತ್ರ್ಯ ಹೋರಾಟಗಾರರ ಹೆಸರುಗಳು ಸಾಲಾಗಿ ಕಾಣುತ್ತವೆ. ಹೊಲ, ಮನೆ, ಹಟ್ಟಿಗಳ ನಡುವೆಯೇ ಆಯುಷ್ಯ ಸವೆಸಿದ, ಶಾಲೆಯ ಬಾಗಿಲು ಕಾಣದ ಹೆಂಗಸಿನ ಹೆಸರು ಆ ಪಟ್ಟಿಗೆ ಸೇರುವುದು ಅಪರೂಪ. ಆದ್ದರಿಂದ ನಿಮ್ಮ ಕರೆ ಬಂದಾಗ ಬೇರೆ ವಿಷಯ ಹುಡುಕಲಿಲ್ಲ. ಅಂಥ ತಾಯಂದಿರ, ಅಜ್ಜಿಯರ ಬದುಕಿನ ಬಗ್ಗೆಯೇ ಮಾತನಾಡಲು ನಿಶ್ಚಯಿಸಿದೆ.

ವಿಷಯ ದೊಡ್ಡದು, ಮೈಮರೆತರೆ ಭಾವುಕತೆಯಲ್ಲಿ ಕರಗಿಹೋಗುವಂಥದು. ಅದಕ್ಕೆ ನಾನು ಒಂದು ಸೀಮೆಯ ಗಡಿ ಹಾಕಿಕೊಳ್ಳುತ್ತೇನೆ. ತಮಿಳುನಾಡಿನ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳು ನನ್ನ ಕ್ಷೇತ್ರ. ನನ್ನ ತಾಯಿಯ ತಾಯಿ, ನಾವೆಲ್ಲ ಅವ್ವ ಎಂದೇ ಕರೆಯುತ್ತಿದ್ದವಳು, ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಕಡೆಯ ಒಣ ಹೊಲಗಳಲ್ಲಿ ಬದುಕಿದವಳು. ಆಗಾಗ ಅವಳ ಮಾತು ಬರುತ್ತದೆ. ಆದರೆ ಇದು ಅವಳೊಬ್ಬಳ ಚರಿತ್ರೆಯಲ್ಲ. ಮೊದಲು ಹೊಲ ಮತ್ತು ಕಾಳಿನ ವಿಚಾರ, ಆಮೇಲೆ ನೀರು, ಆಮೇಲೆ ಹೆಣ್ಣುಮಕ್ಕಳು, ಕೊನೆಗೆ ಹಣ ಮತ್ತು ನುಡಿ, ಈ ಕ್ರಮದಲ್ಲಿ ಹೋಗೋಣ.

ನಾನು ಹೇಳಬೇಕೆಂದಿರುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಳ್ಳಿಯ ತಾಯಿಯನ್ನು ನೆನೆಯುವಾಗ ನಾವು ತ್ಯಾಗ, ಸಹನೆ, ಮಮತೆ ಎಂದು ಕೈಮುಗಿದು ಎದ್ದುಬಿಡುತ್ತೇವೆ. ಅವಳು ಮಾಡಿದ್ದು ದುಡಿಮೆ. ಆ ದುಡಿಮೆಯ ಹಿಂದೆ ವರ್ಷಗಟ್ಟಲೆ ಕಲಿತ ವಿದ್ಯೆಯಿತ್ತು. ದುಡಿಮೆಗೆ ಕೂಲಿಯಾಗಲಿ ವಿದ್ಯೆಗೆ ಮನ್ನಣೆಯಾಗಲಿ ಅವಳಿಗೆ ಸಲ್ಲಲಿಲ್ಲ. ಅವಳನ್ನು ತ್ಯಾಗಮಯಿ ಎಂದು ಕರೆದಷ್ಟೂ ನಾವು ಕೊಡಬೇಕಾದ ಬಾಕಿ ಮರೆತುಹೋಗುತ್ತದೆ.

ಇನ್ನು ಸೀಮೆಯ ಪರಿಚಯ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನ ಕೈಯಿಂದ ಬಾರಾಮಹಲ್ ಮತ್ತು ಸೇಲಂ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಇಲ್ಲಿಯೇ ಜಮೀನು ಅಳೆದು, ಒಬ್ಬೊಬ್ಬ ರೈತನೊಂದಿಗೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಗೆ ಅಡಿಪಾಯ ಹಾಕಿದರು. ಮುಂದೆ ಅದು ಮದರಾಸು ಪ್ರಾಂತ್ಯದ ಬಹುಭಾಗಕ್ಕೆ ಹಬ್ಬಿತು. ಹಳೆಯ ಸೇಲಂ ಜಿಲ್ಲೆ ಬಹಳ ವಿಶಾಲವಾಗಿತ್ತು. 1965ರ ಅಕ್ಟೋಬರ್ 2ರಂದು ಧರ್ಮಪುರಿ ಅದರಿಂದ ಬೇರೆಯಾಯಿತು, 1997ರಲ್ಲಿ ನಾಮಕ್ಕಲ್ ಬೇರೆಯಾಯಿತು, ಧರ್ಮಪುರಿಯಿಂದ 2004ರಲ್ಲಿ ಕೃಷ್ಣಗಿರಿ ಬೇರೆಯಾಯಿತು.

ರೈತವಾರಿಯನ್ನು ಇತಿಹಾಸಕಾರರು ಜಮೀನ್ದಾರಿಗಿಂತ ಮೇಲು ಎಂದು ಹೊಗಳುತ್ತಾರೆ, ನ್ಯಾಯವೇ. ಮಧ್ಯವರ್ತಿ ಇಲ್ಲದೆ ಉಳುವವನ ಹೆಸರಿಗೇ ಪಟ್ಟಾ ಬಂತು. ಆದರೆ ಉಳುವವನು ಎಂದಾಗ ಸರ್ಕಾರದ ಕಣ್ಣಿಗೆ ಕಂಡದ್ದು ನೇಗಿಲು ಹಿಡಿದ ಗಂಡಸು. ಬಿತ್ತಿದವಳು, ಕಳೆ ಕಿತ್ತವಳು, ಕೊಯ್ದವಳು, ತೂರಿದವಳು ಆ ಕಾಗದದಲ್ಲಿ ಬರಲಿಲ್ಲ. ಇದು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. 2015–16ರ ಕೃಷಿ ಗಣತಿಯಲ್ಲಿಯೂ ಇಡೀ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿದ್ದದ್ದು ನೂರಕ್ಕೆ ಸುಮಾರು 14 ಮಾತ್ರ.

ಈಗ ಹೊಲಕ್ಕೆ ಬರೋಣ. ಧರ್ಮಪುರಿ ಕಡೆಯ ಹೊಲ ಮಳೆಯನ್ನು ನಂಬಿದ ಹೊಲ. ರಾಗಿ, ಸಾಮೆ, ಹುರುಳಿ, ಅವರೆ, ಹುಚ್ಚೆಳ್ಳು, ಜೋಳ ಅಲ್ಲಿಯ ಬೆಳೆಗಳು. ರಾಗಿಯ ನಡುವೆ ನಾಲ್ಕಾರು ಸಾಲಿಗೊಮ್ಮೆ ಅವರೆಯನ್ನೋ ಜೋಳವನ್ನೋ ಹಾಕುತ್ತಿದ್ದ ಅಕ್ಕಡಿ ಸಾಲಿನ ಲೆಕ್ಕ ಹೆಂಗಸರ ಬಾಯಲ್ಲಿರುತ್ತಿತ್ತು. ಮಳೆ ಕೈಕೊಟ್ಟು ರಾಗಿ ಒಣಗಿದರೆ ಹುರುಳಿ ಉಳಿಯುತ್ತದೆ, ರಾಗಿ ಬಂದರೆ ಅವರೆ ಲಾಭ, ಏನೂ ಬಾರದಿದ್ದರೆ ದನಕ್ಕೆ ಜೋಳದ ಕಡ್ಡಿಯಾದರೂ ಸಿಗುತ್ತದೆ. ಇಂದು ಕೃಷಿ ವಿಶ್ವವಿದ್ಯಾನಿಲಯಗಳು ಮಿಶ್ರ ಬೆಳೆಯೆಂದು ಕಲಿಸುವ ಪಾಠವನ್ನು ಅವರು ಮೊರದಲ್ಲಿ ಕಾಳು ಬೆರೆಸುವಾಗಲೇ ಮುಗಿಸುತ್ತಿದ್ದರು.

ಗಂಡಸು ಉತ್ತು ಹೋದ ಮೇಲೆ ಹೆಂಗಸಿನ ಕೆಲಸ ಶುರು. ಬಿತ್ತನೆಯ ಹಿಂದೆ ನಡೆಯುವುದು, ಪೈರು ಕಿತ್ತು ನೆಡುವುದು, ಸೊಂಟ ಬಗ್ಗಿಸಿ ಕಳೆ ತೆಗೆಯುವುದು, ತೆನೆ ಕೊಯ್ಯುವುದು, ಮೆದೆ ಒಟ್ಟುವಾಗ ಹೊರೆ ಎತ್ತಿಕೊಡುವುದು, ಕಣದಲ್ಲಿ ತೂರುವುದು, ಕೇರುವುದು. ಕಾಳು ಮನೆಗೆ ಬಂದ ಮೇಲೂ ದುಡಿಮೆ ಮುಗಿಯುತ್ತಿರಲಿಲ್ಲ. ರಾಗಿಯನ್ನು ಬೀಸುವ ಕಲ್ಲಿಗೆ ಹಾಕಬೇಕು. ಸಾಮೆಯನ್ನು ಒರಳಿಗೆ ಹಾಕಿ ಒನಕೆಯಿಂದ ಕುಟ್ಟಬೇಕು. ಸಾಮೆಯ ಸಿಪ್ಪೆ ಹಟಮಾರಿ, ಒಂದು ಸಲ ಕುಟ್ಟಿದರೆ ಬಿಡುವುದಿಲ್ಲ. ಕುಟ್ಟಿ, ಕೇರಿ, ಮತ್ತೆ ಕುಟ್ಟಿ ಒಂದು ಹೊತ್ತಿನ ಅನ್ನವಾಗಬೇಕು. ಊರಿಗೆ ಹಿಟ್ಟಿನ ಗಿರಣಿ ಬಂದ ದಿನವನ್ನು ನನ್ನ ಅವ್ವ ದೇವರ ಉತ್ಸವವನ್ನು ನೆನೆದಂತೆ ನೆನೆಯುತ್ತಿದ್ದಳು. ಹಳೆಯ ಬೀಸುವ ಕಲ್ಲಿನ ಬಗ್ಗೆ ಹಂಬಲದಿಂದ ಬರೆಯುವವರು ಆ ಕಲ್ಲು ತಿರುಗಿಸಿದವರನ್ನು ಒಮ್ಮೆ ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಬೀಜದ ವಿಚಾರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕಣದಲ್ಲಿ ರಾಶಿ ಬಿದ್ದಾಗಲೇ ಬಿತ್ತನೆಯ ತೆನೆಗಳನ್ನು ಬೇರೆ ಮಾಡುತ್ತಿದ್ದವರು ಹಿರಿಯ ಹೆಂಗಸರು. ಗಟ್ಟಿ ಕಾಳು, ತುಂಬಿದ ತೆನೆ, ರೋಗ ಕಾಣದ ಗಿಡ, ಇಷ್ಟನ್ನೂ ಹೊಲದಲ್ಲಿ ನಿಂತಾಗಲೇ ಗುರುತಿಟ್ಟಿರುತ್ತಿದ್ದರು. ಅವರೆ, ಹುರುಳಿಗಳನ್ನು ಬೂದಿಯಲ್ಲಿ ಬೆರೆಸಿ, ಬೇವಿನ ಸೊಪ್ಪು ಇಟ್ಟು, ಗುಡಾಣದ ಬಾಯಿಗೆ ಸಗಣಿ ಮಣ್ಣು ಮೆತ್ತುತ್ತಿದ್ದರು. ಬೇಸಿಗೆಯಲ್ಲಿ ಮನೆಯಲ್ಲಿ ಹಿಟ್ಟು ತೀರಿದರೂ ಆ ಗುಡಾಣಕ್ಕೆ ಯಾರೂ ಕೈಹಾಕುವಂತಿರಲಿಲ್ಲ. "ಬಿತ್ತನೆ ಕಾಳು ಉಂಡವನ ಮನೇಲಿ ಒಲೆ ಉರಿಯಾಕಿಲ್ಲ ಕಣ್ ಮಗ" ಎನ್ನುತ್ತಿದ್ದಳು ಅವ್ವ.

ಈ ಕಟ್ಟುನಿಟ್ಟಿನ ಹಿಂದೆ ದೊಡ್ಡ ಭಯವೊಂದಿತ್ತು. 1876ರಿಂದ 78ರವರೆಗಿನ ಧಾತು ಸಂವತ್ಸರದ ಬರ ಸೇಲಂ ಜಿಲ್ಲೆಯನ್ನು ಹಿಂಡಿಹಾಕಿತು. 1871ರಲ್ಲಿ 19 ಲಕ್ಷಕ್ಕೂ ಮೇಲಿದ್ದ ಜಿಲ್ಲೆಯ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ 16 ಲಕ್ಷದ ಆಸುಪಾಸಿಗೆ ಇಳಿದಿತ್ತು. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಾದ ಕಡೆ ಮೂರು ಲಕ್ಷಕ್ಕೂ ಹೆಚ್ಚು ಜನ ಕಡಿಮೆಯಾಗಿದ್ದರು. ಬರವನ್ನು ಕಂಡವರು ಹೋದ ಮೇಲೂ ಅದರ ನೆನಪು ಸೊಸೆಯಿಂದ ಸೊಸೆಗೆ ದಾಟಿ ಬಂತು. ಮುಷ್ಟಿ ಹಿಟ್ಟು ತೆಗೆದಿಡುವುದು, ಅಂಬಲಿಯನ್ನು ನೀರಾಗಿಸಿ ಹತ್ತು ಬಾಯಿಗೆ ಹಂಚುವುದು, ಬೇಲಿಯ ಸೊಪ್ಪುಗಳಲ್ಲಿ ಯಾವುದು ತಿನ್ನಬಹುದು ಯಾವುದು ಬಾರದು ಎಂದು ಗುರುತಿಸುವುದು, ಇವೆಲ್ಲ ಆ ಹಸಿವು ಕಲಿಸಿದ ವಿದ್ಯೆಗಳು.

ಇದೇ ರಾಗಿಯನ್ನು ಬಡವರ ಕಾಳು ಎಂದು ಹೀಗಳೆದ ಕಾಲವನ್ನು ನಾವು ಕಂಡೆವು. ಪಡಿತರದ ಅಕ್ಕಿ ಬಂದ ಮೇಲೆ ಹೊಸ ತಲೆಮಾರು ಮುದ್ದೆಯಿಂದ ದೂರವಾಯಿತು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೀರಿದ ಸುಣ್ಣದ ಅಂಶವಿದೆಯೆಂದು ಪೌಷ್ಟಿಕ ತಜ್ಞರು ಹೇಳುತ್ತಾರೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಅದೇ ವರ್ಷ ತಮಿಳುನಾಡು ಸರ್ಕಾರ ಪಡಿತರ ಅಂಗಡಿಯಲ್ಲಿ ಎರಡು ಕಿಲೊ ಅಕ್ಕಿಯ ಬದಲು ಎರಡು ಕಿಲೊ ರಾಗಿ ಕೊಡುವ ಯೋಜನೆಯನ್ನು ಪ್ರಯೋಗವಾಗಿ ಆರಂಭಿಸಲು ಆರಿಸಿದ್ದು ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳನ್ನು. ನನಗೆ ಸಂತೋಷವಾಯಿತು. ಆದರೆ ಅಷ್ಟು ಕಾಲ ರಾಗಿಯನ್ನು ಉಳಿಸಿಕೊಂಡು ಬಂದವರ ಹೆಸರನ್ನು ಆಗ ಯಾರೂ ಎತ್ತಲಿಲ್ಲ.

ಹೊಲದ ಮಾತು ಮುಗಿಸುವ ಮುನ್ನ ರೇಷ್ಮೆಯನ್ನು ಹೇಳಲೇಬೇಕು. ನನ್ನ ತಾಯಿಯ ಕಾಲಕ್ಕೆ ಬಾವಿಯಲ್ಲಿ ಒಂದಿಷ್ಟು ನೀರಿದ್ದ ಮನೆಗಳು ಹಿಪ್ಪುನೇರಳೆ ಹಾಕಿದವು. ಧರ್ಮಪುರಿಯ ಸರ್ಕಾರಿ ಗೂಡಿನ ಮಾರುಕಟ್ಟೆ ತಮಿಳುನಾಡಿನ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿಗೆ ಗೂಡು ತರುವವರಲ್ಲಿ, ಹರಾಜಿನಲ್ಲಿ ನಿಲ್ಲುವವರಲ್ಲಿ, ಹಣ ಎಣಿಸಿಕೊಳ್ಳುವವರಲ್ಲಿ ಗಂಡಸರೇ ಹೆಚ್ಚು. ಹುಳು ಸಾಕಿದವರು ಮನೆಯಲ್ಲಿರುತ್ತಾರೆ. ಮೊಟ್ಟೆಯೊಡೆದ ದಿನದಿಂದ ಗೂಡು ಕಟ್ಟುವವರೆಗೆ ಸುಮಾರು 25 ದಿನ. ಆ ನಡುವೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಮೇವು ಬಿಟ್ಟು ಪೊರೆ ಕಳಚುತ್ತದೆ. ಯಾವ ತಟ್ಟೆ ಜ್ವರಕ್ಕೆ ಕೂತಿದೆ, ಯಾವುದು ಎದ್ದಿದೆ ಎಂದು ನೋಡಿ ಸೊಪ್ಪು ಹಾಕಬೇಕು. ಮುಂಚೆ ಹಾಕಿದರೂ ತಪ್ಪು, ತಡವಾದರೂ ತಪ್ಪು. ನಾಲ್ಕನೆಯ ಜ್ವರ ಎದ್ದ ಮೇಲಿನ ವಾರದಲ್ಲಿ ಹುಳು ತನ್ನ ಜೀವಮಾನದ ಮೇವಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚನ್ನು ತಿಂದು ಮುಗಿಸುತ್ತದೆ. ಆ ವಾರ ಮನೆಯ ಹೆಂಗಸರಿಗೆ ರಾತ್ರಿಯೆಂಬುದಿಲ್ಲ. ಒಗ್ಗರಣೆಯ ಘಾಟು ಹುಳುವಿಗೆ ತಾಗಬಾರದೆಂದು ಒಲೆಯನ್ನು ಹೊರಗೆ ಹೂಡುತ್ತಿದ್ದರು. ಹುಳು ಹಣ್ಣಾಗಿ ಮೈ ಹೊಳೆಯತೊಡಗಿದಾಗ ಒಂದೊಂದನ್ನೇ ಎತ್ತಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಮನೆ ತುಂಬ ಹುಳು ತುಂಬಿಕೊಂಡು ಮಕ್ಕಳೊಂದಿಗೆ ಜಗಲಿಯಲ್ಲಿ ಮಲಗಿದ ತಾಯಂದಿರ ಆಯಾಸ ಆ ಗೂಡಿನ ದರಪಟ್ಟಿಯಲ್ಲಿ ಎಲ್ಲಿಯೂ ಸೇರುವುದಿಲ್ಲ.

ಇದೇ ಮಾತು ಸೇಲಂ ಸುತ್ತಲಿನ ಮಗ್ಗಗಳಿಗೂ ಸಲ್ಲುತ್ತದೆ. ಸೇಲಂನಲ್ಲಿ ಮತ್ತು ಇಳಂಪಿಳ್ಳೈಯಂಥ ನೇಕಾರ ಊರುಗಳಲ್ಲಿ ಮಗ್ಗದ ಮುಂದೆ ಕೂತವನ ಹೆಸರಿಗೆ ಕೂಲಿ ಬರುತ್ತದೆ. ಕಂಡಿಕೆ ಸುತ್ತಿದವಳು, ನೂಲಿಗೆ ಗಂಜಿ ಹಚ್ಚಿ ಬೆಳಗಿನ ತಂಪಿನಲ್ಲಿ ಬೀದಿಯುದ್ದಕ್ಕೂ ಹಾಸು ಹಿಡಿದು ನಿಂತವಳು ಮನೆಯವಳು ಮಾತ್ರ. ಮರಗೆಣಸಿನಿಂದ ಸಬ್ಬಕ್ಕಿ ಮಾಡುವ ಸೇಲಂನ ಕಾರ್ಖಾನೆಗಳಲ್ಲಿ ಗೆಣಸಿನ ಸಿಪ್ಪೆ ಸುಲಿಯುವವರೂ, ಧರ್ಮಪುರಿಯಲ್ಲಿ ಹುಣಸೆಹಣ್ಣು ಬಡಿದು ಬೀಜ ಬಿಡಿಸುವವರೂ ಬಹುಪಾಲು ಹೆಂಗಸರೇ.

ಈಗ ಎರಡನೆಯ ವಿಚಾರಕ್ಕೆ, ನೀರಿಗೆ ಬರುತ್ತೇನೆ. ಕಾವೇರಿ ತಮಿಳುನಾಡನ್ನು ಪ್ರವೇಶಿಸುವುದು ಈ ಸೀಮೆಯಲ್ಲಿ. ಗಡಿಯ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಕರ್ನಾಟಕದಿಂದ ಎಷ್ಟು ನೀರು ಬಂತೆಂದು ಎರಡು ರಾಜ್ಯಗಳೂ ಕಣ್ಣಿಟ್ಟು ಕಾಯುವ ಜಾಗ ಅದು. ಅಲ್ಲಿಂದ ಕೆಳಗೆ ಹೊಗೇನಕಲ್, ಅದರಾಚೆ 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು. ಆ ಅಣೆಕಟ್ಟಿಗಾಗಿ ಹಲವು ಹಳ್ಳಿಗಳು ಮುಳುಗಿದವು. ನೀರು ತಳಕಂಡ ವರ್ಷಗಳಲ್ಲಿ ಪಣ್ಣವಾಡಿಯ ಬಳಿ ಹಳೆಯ ನಂದಿ ಮತ್ತು ಇಗರ್ಜಿಯ ಗೋಪುರ ಇಂದಿಗೂ ಮೇಲೆ ಕಾಣುತ್ತವೆ. ನದಿಯ ನೀರು ಕೆಳಗಿನ ತಂಜಾವೂರಿನ ಗದ್ದೆಗಳಿಗೆ ಹರಿಯಿತು. ಮೇಲಿನ ಧರ್ಮಪುರಿಯ ಹಳ್ಳಿಗಳು ಕೊಳವೆಬಾವಿ ಕೊರೆದುಕೊಂಡವು.

ಆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೆನ್ನಾಗರಂ, ಪಾಲಕ್ಕೋಡು, ಕಾರಿಮಂಗಲ ಕಡೆಯ ಎಷ್ಟೋ ಊರುಗಳ ನೀರು ಆ ಮಿತಿ ದಾಟಿತ್ತು. ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ. ವರ್ಷಗಟ್ಟಲೆ ಕುಡಿದವರ ಮೂಳೆಗಳಿಗೆ ಇಳಿದು ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗಿದರೆ ನೇರವಾಗುವುದಿಲ್ಲ. ಈ ನೀರನ್ನು ಹೊತ್ತು ತಂದವರೂ ಹೆಂಗಸರು, ಅದೇ ನೀರಿನಲ್ಲಿ ಅಡುಗೆ ಮಾಡಿ ಉಂಡವರೂ ಅವರೇ. ಬಾಗಿದ ಬೆನ್ನನ್ನು ಎಲ್ಲರೂ ವಯಸ್ಸಿನ ಲಕ್ಷಣವೆಂದುಕೊಂಡರು. ಅವ್ವ ತನ್ನ ಮೊಣಕಾಲ ನೋವನ್ನು ಕೊನೆಯವರೆಗೂ ಹಣೆಬರಹವೆಂದೇ ನಂಬಿದ್ದಳು. ನಾವು ಓದಿದವರು ಯಾರೂ ಆ ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಿರಲಿಲ್ಲ.

ಜಪಾನಿನ ಸಾಲದ ನೆರವಿನಿಂದ ಹೊಗೇನಕಲ್ ಕುಡಿಯುವ ನೀರು ಮತ್ತು ಫ್ಲೋರೋಸಿಸ್ ನಿವಾರಣಾ ಯೋಜನೆಗೆ 2008ರಲ್ಲಿ ಅಡಿಗಲ್ಲು ಬಿತ್ತು, 2013ರ ಮೇ ತಿಂಗಳಲ್ಲಿ ಅದು ಲೋಕಾರ್ಪಣೆಯಾಯಿತು. ಆ ವರ್ಷಗಳಲ್ಲಿ ಅದರ ಸುತ್ತ ಎದ್ದ ಎರಡು ರಾಜ್ಯಗಳ ಜಗಳ ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಬೆಂಗಳೂರಿನಲ್ಲಿ ಮೆರವಣಿಗೆ ಹೊರಟವರಿಗೂ ಚೆನ್ನೈಯಲ್ಲಿ ಭಾಷಣ ಮಾಡಿದವರಿಗೂ ನದಿ ಕಾಣುತ್ತಿತ್ತು, ನದಿಯ ಪಕ್ಕದಲ್ಲೇ ವಿಷದ ನೀರು ಕುಡಿಯುತ್ತಿದ್ದ ಕೊಡ ಹೊತ್ತವಳು ಕಾಣುತ್ತಿರಲಿಲ್ಲ. ಅಂಥವರಲ್ಲಿ ತಮಿಳು ಮಾತನಾಡುವವಳೂ ಇದ್ದಳು, ಕನ್ನಡ ಮಾತನಾಡುವವಳೂ ಇದ್ದಳು, ತೆಲುಗು ಮಾತನಾಡುವವಳೂ ಇದ್ದಳು. ನೀರಿನ ಹಂಚಿಕೆಯ ಬಗ್ಗೆ ನಿಮ್ಮ ನಿಲುವು ಏನೇ ಇರಲಿ, ಆ ಯೋಜನೆ ಆ ಹಳ್ಳಿಗಳಿಗೆ ಬೇಕಿತ್ತು ಎಂದು ನಾನು ಈ ವೇದಿಕೆಯಿಂದ ಹೇಳಬಯಸುತ್ತೇನೆ.

ಮೂರನೆಯ ವಿಚಾರ ಕಷ್ಟದ್ದು. ನೆನೆಯುವುದೆಂದರೆ ಹೊಗಳುವುದು ಮಾತ್ರ ಎಂದಾದರೆ ಇದನ್ನು ಬಿಟ್ಟುಬಿಡಬಹುದಿತ್ತು. ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಹೆಸರು 1990ರ ದಶಕದಲ್ಲಿ ದೇಶದ ಪತ್ರಿಕೆಗಳಲ್ಲಿ ಬಂದದ್ದು ಹೆಣ್ಣು ಶಿಶುಗಳ ಹತ್ಯೆಗಾಗಿ. 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಸೇಲಂನಲ್ಲಿ 851, ಈಗಿನ ಧರ್ಮಪುರಿ ಜಿಲ್ಲೆಯ ಪ್ರದೇಶದಲ್ಲಿ 826 ಹೆಣ್ಣುಮಕ್ಕಳಿದ್ದರು. ಕಾಣೆಯಾದ ಆ ಕೂಸುಗಳ ಹಿಂದೆ ಬಡತನವೊಂದೇ ಕಾರಣವಾಗಿರಲಿಲ್ಲ. ತೆರ ಕೊಟ್ಟು ಹೆಣ್ಣು ತರುತ್ತಿದ್ದ ಎಷ್ಟೋ ಸಮುದಾಯಗಳಿಗೆ ವರದಕ್ಷಿಣೆ ಕಾಲಿಟ್ಟಿತು. ಹೊಲದಲ್ಲಿ ದುಡಿಯುವ ಕೈಯೆಂದು ಬೆಲೆಯಿದ್ದ ಹೆಣ್ಣು ಸಾಲದ ಹೊರೆಯಾಗಿ ಕಾಣತೊಡಗಿದಳು.

ಆ ಕೃತ್ಯದಲ್ಲಿ ಎಷ್ಟೋ ಕಡೆ ಮನೆಯ ಹಿರಿಯ ಹೆಂಗಸರ ಕೈಯೇ ಇತ್ತು. ಬಾಣಂತಿಯ ಅತ್ತೆಯೋ ಅವಳ ಸ್ವಂತ ತಾಯಿಯೋ ಅದನ್ನು ಮಾಡುತ್ತಿದ್ದರು. ಬಾಣಂತಿ ಗೋಡೆಗೆ ಮುಖ ತಿರುಗಿಸಿ ಮಲಗಿರುತ್ತಿದ್ದಳು. ಅಜ್ಜಿಯರನ್ನು ದೇವತೆಗಳೆಂದು ಚಿತ್ರಿಸುವ ಬರವಣಿಗೆಯನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಅವರೂ ತಮ್ಮ ಕಾಲದ ಲೆಕ್ಕಾಚಾರದೊಳಗೆ ಸಿಕ್ಕಿಕೊಂಡಿದ್ದ ಮನುಷ್ಯರು. ಹಾಗೆಯೇ, ಸುತ್ತಮುತ್ತ ಹೀಗಿರುವಾಗ ಒಂದರ ಮೇಲೊಂದು ಮೂರು ನಾಲ್ಕು ಹೆಣ್ಣು ಹುಟ್ಟಿದರೂ ಎಲ್ಲವನ್ನೂ ಎದೆಗವಚಿಕೊಂಡು ಸಾಕಿದ ತಾಯಂದಿರೂ ಅದೇ ಊರುಗಳಲ್ಲಿದ್ದರು. ಗಂಡನ ಮುನಿಸು, ಅತ್ತೆಯ ಮಾತು, ಬೀದಿಯವರ ಕನಿಕರ ಎಲ್ಲವನ್ನೂ ತಡೆದುಕೊಂಡವರು ಅವರು. ಅವರು ಯಾವ ಚಳವಳಿಗೂ ಸೇರಿದವರಲ್ಲ. ಈ ಸೀಮೆಯ ಚರಿತ್ರೆ ಬರೆಯುವವರು ಅವರಿಗೊಂದು ಅಧ್ಯಾಯ ಕೊಡಬೇಕು.

ಸರ್ಕಾರ ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. 1992ರಲ್ಲಿ ತೊಟ್ಟಿಲು ಕೂಸು ಯೋಜನೆ ಮೊದಲು ಶುರುವಾದದ್ದು ಸೇಲಂನಲ್ಲಿ. ಬೇಡದ ಕೂಸನ್ನು ಕೊಲ್ಲಬೇಡಿ, ತೊಟ್ಟಿಲಲ್ಲಿ ಬಿಟ್ಟುಹೋಗಿ ಎಂಬ ಕರೆ ಅದು. ಹೆಣ್ಣನ್ನು ಬಿಟ್ಟುಹೋಗಲು ದಾರಿ ಮಾಡಿಕೊಟ್ಟಂತಾಯಿತು ಎಂಬ ಟೀಕೆಯೂ ಬಂತು. ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುವುದು 1990ರ ದಶಕದ ಕೊನೆಯಲ್ಲಿ ಧರ್ಮಪುರಿಯಲ್ಲಿ ನಡೆದ ಕಲಾಜಾಥಾ. ಊರೂರಿನ ಯುವಕ ಯುವತಿಯರು ಬೀದಿ ನಾಟಕ, ಹಾಡುಗಳೊಂದಿಗೆ ಹಳ್ಳಿ ಹಳ್ಳಿಗೆ ಹೋಗಿ ಈ ವಿಷಯವನ್ನು ಬಾಯಿಬಿಟ್ಟು ಆಡಿದರು. ಅಧಿಕಾರಿ ಶೀಲಾರಾಣಿ ಚುಂಕತ್ ಮತ್ತು ಅರ್ಥಶಾಸ್ತ್ರಜ್ಞ ವೆಂಕಟೇಶ್ ಆತ್ರೇಯ ಈ ಪ್ರಯತ್ನವನ್ನು ದಾಖಲಿಸಿದ್ದಾರೆ. ಗುಟ್ಟಾಗಿ ನಡೆಯುತ್ತಿದ್ದದ್ದು ಬೀದಿಯ ಬೆಳಕಿಗೆ ಬಂತು. 2011ರ ಗಣತಿಯಲ್ಲಿ ಎರಡೂ ಜಿಲ್ಲೆಗಳ ಅಂಕಿ 900ನ್ನು ದಾಟಿತು.

ಇನ್ನು ಹಣದ ವಿಚಾರ. ಇಲ್ಲಿ ಬೇಗ ಹೋಗುತ್ತೇನೆ. 1937ರ ಅಕ್ಟೋಬರ್ 1ರಂದು ಮದರಾಸು ಪ್ರಾಂತ್ಯದ ಪ್ರಧಾನಿಯಾಗಿದ್ದ ರಾಜಾಜಿ ಪಾನನಿಷೇಧವನ್ನು ಮೊದಲು ಜಾರಿಗೆ ತಂದದ್ದು ತಮ್ಮ ಹುಟ್ಟು ಜಿಲ್ಲೆ ಸೇಲಂನಲ್ಲಿ. ಖಜಾನೆಗೆ ಬಿದ್ದ ಪೆಟ್ಟಿನ ಬಗ್ಗೆ ಪುಟಗಟ್ಟಲೆ ಚರ್ಚೆಯಾಗಿದೆ. ಸಂಜೆ ಕೂಲಿ ಹಣ ಮನೆಗೆ ಬಂದಾಗ ಒಲೆಯ ಮುಂದಿದ್ದವಳಿಗೆ ಏನನ್ನಿಸಿತು ಎಂಬುದನ್ನು ಯಾರೂ ಬರೆದಿಡಲಿಲ್ಲ. 1971ರಲ್ಲಿ ರಾಜ್ಯದಲ್ಲಿ ಆ ನಿಷೇಧ ತೆರವಾಯಿತು. ಆಮೇಲಿನ ಕಥೆ ಎಲ್ಲ ಹೆಂಗಸರಿಗೂ ಗೊತ್ತು.

1989 ಈ ಸೀಮೆಯ ಹೆಂಗಸರು ನೆನಪಿಡಬೇಕಾದ ವರ್ಷ. ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ನೆರವಿನಿಂದ ತಮಿಳುನಾಡಿನ ಸ್ವಸಹಾಯ ಗುಂಪುಗಳ ಯೋಜನೆ ಆ ವರ್ಷ ಮೊದಲು ಆರಂಭವಾದದ್ದು ಧರ್ಮಪುರಿ ಜಿಲ್ಲೆಯಲ್ಲಿ. ಆಮೇಲೆ ಅದು ಸೇಲಂಗೂ ರಾಜ್ಯದ ಉಳಿದೆಡೆಗೂ ಹೋಯಿತು. ಅದೇ ವರ್ಷದ ಮಾರ್ಚ್ 25ರಿಂದ ಜಾರಿಯಾಗುವಂತೆ ತಮಿಳುನಾಡು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, ಅಷ್ಟರೊಳಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟಿತು. ಕರ್ನಾಟಕ ಅದನ್ನು 1994ರಲ್ಲಿ ಮಾಡಿತು, ಇಡೀ ದೇಶ 2005ರಲ್ಲಿ. ಹಕ್ಕು ಕಾಗದದಲ್ಲಿ ಬಂದರೂ ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟು ಸಹಿ ಹಾಕಿದ ಅಕ್ಕತಂಗಿಯರೇ ಹೆಚ್ಚು. ತವರಿನ ದಾರಿ ಮುಚ್ಚಬಾರದಲ್ಲ ಎಂಬ ಅಂಜಿಕೆ ಅವರದು.

2023ರ ಜುಲೈ 24ರಂದು ಮನೆಯೊಡತಿಗೆ ತಿಂಗಳಿಗೆ ಸಾವಿರ ರೂಪಾಯಿ ಕೊಡುವ ಯೋಜನೆಯ ಅರ್ಜಿ ಶಿಬಿರವನ್ನು ತಮಿಳುನಾಡಿನ ಮುಖ್ಯಮಂತ್ರಿ ಉದ್ಘಾಟಿಸಿದ್ದು ಧರ್ಮಪುರಿ ಜಿಲ್ಲೆಯ ತೊಪ್ಪೂರಿನಲ್ಲಿ. ಆ ಹಣವನ್ನು ಸರ್ಕಾರ ನೆರವು ಎನ್ನಲಿಲ್ಲ, ಮಹಿಳೆಯ ಹಕ್ಕಿನ ಹಣ ಎಂದಿತು. ಕರ್ನಾಟಕದ ಗೃಹಲಕ್ಷ್ಮಿಯೂ ಅದೇ ವರ್ಷದ್ದು. ಇವುಗಳನ್ನು ಬಿಟ್ಟಿ ಭಾಗ್ಯ ಎಂದು ಆಡಿಕೊಳ್ಳುವವರು 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯನ್ನು ಓದಬೇಕು. ಮನೆಗೆಲಸದಲ್ಲಿ ತೊಡಗುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಕೂಲಿಯಿಲ್ಲದೆ ದುಡಿಯುತ್ತಿದ್ದರು, ಗಂಡಸರು 97 ನಿಮಿಷ. ದಿನಕ್ಕೆ ಐದು ಗಂಟೆ, ತಿಂಗಳಿಗೆ ಸಾವಿರ ರೂಪಾಯಿ. ಬಿಟ್ಟಿಯಾಗಿ ಪಡೆಯುತ್ತಿರುವವರು ಯಾರೆಂದು ನೀವೇ ಲೆಕ್ಕ ಹಾಕಿ.

ಕೊನೆಯದಾಗಿ ನುಡಿಯ ವಿಚಾರ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಒಂಬತ್ತನೆಯ ಶತಮಾನದಲ್ಲಿ ನೊಳಂಬರು ಅಲ್ಲಿ ಆಳಿದರು, ಅವರ ಕನ್ನಡ ಶಾಸನಗಳು ಅಲ್ಲಿ ಸಿಕ್ಕಿವೆ. ಬೇಡರಹಳ್ಳಿ, ಬಾಲಜಂಗಮನಹಳ್ಳಿ, ಸೋಮನಹಳ್ಳಿ, ಮಾರಂಡಹಳ್ಳಿ ಇಂದಿಗೂ ಆ ಜಿಲ್ಲೆಯ ಊರುಗಳು. ಆದರೆ ಶಾಸನಗಳಾಗಲಿ ಊರ ಹೆಸರುಗಳಾಗಲಿ ಒಂದು ನುಡಿಯನ್ನು ಬದುಕಿಸಲಾರವು. ಶಾಲೆ ತಮಿಳಿನದು, ಸಂತೆ ತಮಿಳಿನದು, ಪಕ್ಕದ ಬೀದಿ ತೆಲುಗಿನದು. ಅಲ್ಲಿಯ ಒಕ್ಕಲು ಮನೆಗಳಲ್ಲಿ, ಸೇಲಂನ ದೇವಾಂಗ ನೇಕಾರರ ಬೀದಿಗಳಲ್ಲಿ ಕನ್ನಡ ಇಷ್ಟು ಕಾಲ ಉಳಿದದ್ದು ಮಕ್ಕಳನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆದ ಅಜ್ಜಿಯರ ಬಾಯಲ್ಲಿ. ಅವರಿಗೆ ಕನ್ನಡದ ಅಕ್ಷರ ಗೊತ್ತಿರಲಿಲ್ಲ. ಅವರಿಂದ ಕನ್ನಡ ಕಲಿತ ಮೊಮ್ಮಕ್ಕಳಿಗೂ ಗೊತ್ತಿರಲಿಲ್ಲ, ಅವರು ಬರೆದದ್ದು ತಮಿಳಿನಲ್ಲಿ. ಗಡಿಯಾಚೆಯ ಕನ್ನಡದ ಬಗ್ಗೆ ಸಮ್ಮೇಳನಗಳಲ್ಲಿ ನಿರ್ಣಯ ಮಾಡುವ ನಾವು ಈ ಅಜ್ಜಿಯರ ಹೆಸರನ್ನು ಒಮ್ಮೆಯೂ ಎತ್ತಿಲ್ಲ.

ಇಂಥ ತಾಯಂದಿರ ಬದುಕನ್ನು ದಾಖಲಿಸುವ ಕೆಲಸಕ್ಕೆ ತಮಿಳಿನಲ್ಲಿ ಒಂದು ಒಳ್ಳೆಯ ಮಾದರಿಯಿದೆ. ತಿರುಚೆಂಗೋಡು ಸೀಮೆಯ ಕಾದಂಬರಿಕಾರ ಪೆರುಮಾಳ್ ಮುರುಗನ್ ಹುಟ್ಟಿದ 1966ರಲ್ಲಿ ಆ ಊರು ಸೇಲಂ ಜಿಲ್ಲೆಯಲ್ಲಿಯೇ ಇತ್ತು. ಒಣಬೇಸಾಯದಲ್ಲಿ ದುಡಿದ ತಮ್ಮ ತಾಯಿಯ ಬಗ್ಗೆ ಅವರು 'ತೋನ್ರಾತ್ತುಣೈ' ಎಂಬ ಪುಸ್ತಕವನ್ನೇ ಬರೆದಿದ್ದಾರೆ. ದೊಡ್ಡ ಕಾದಂಬರಿಕಾರರೊಬ್ಬರು ತಾಯಿಯ ದಿನನಿತ್ಯದ ಬದುಕನ್ನು ಒಂದು ಪುಸ್ತಕಕ್ಕೆ ತಕ್ಕ ವಿಷಯವೆಂದು ಭಾವಿಸಿದರಲ್ಲ, ಅದು ಮುಖ್ಯ.

ನಮ್ಮ ಸೀಮೆಯ ಅಜ್ಜಿಯರ ದುಡಿಮೆ ಇನ್ನೂ ಮುಗಿದಿಲ್ಲ. ಧರ್ಮಪುರಿಯ ಗಂಡಸರೂ ಹೆಂಗಸರೂ ಬೆಂಗಳೂರಿನ ಕಟ್ಟಡಗಳಿಗೆ, ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಹೋಗುತ್ತಾರೆ. ಊರಿನಲ್ಲಿ ಮೊಮ್ಮಕ್ಕಳನ್ನು ಸಾಕುತ್ತಿರುವವರು ಅಜ್ಜಿಯರು. ಅರವತ್ತು ದಾಟಿದ ಮೇಲೆ ಮತ್ತೊಮ್ಮೆ ತಾಯಿಯಾಗಿ, ಬೆಳಗ್ಗೆ ಮಕ್ಕಳನ್ನು ಶಾಲೆಗೆ ಕಳಿಸಿ, ಸರ್ಕಾರದ ಉದ್ಯೋಗ ಖಾತರಿ ಕೆಲಸಕ್ಕೆ ಹೋಗಿ ಮಣ್ಣು ಹೊತ್ತು ಬರುತ್ತಾರೆ. ಬೆಂಗಳೂರಿನ ಎತ್ತರದ ಮನೆಗಳ ಗಾರೆ ಕೆಲಸದ ಹಿಂದೆ ಇವರೂ ಇದ್ದಾರೆ ಎಂಬುದನ್ನು ಇಲ್ಲಿ ಕುಳಿತ ನಾವು ತಿಳಿದಿರಬೇಕು.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ ಈ ರಜೆಯಲ್ಲಿ ಅವರ ಪಕ್ಕ ಕುಳಿತು, ಮೊಬೈಲಿನಲ್ಲಿ ಅವರ ಮಾತನ್ನು ಅವರ ನುಡಿಯಲ್ಲೇ ಹಿಡಿದಿಡಿ. ಕಷ್ಟ ಸುಖ ಕೇಳುವುದರ ಜೊತೆಗೆ ಕೆಲಸವನ್ನು ಕೇಳಿ. ಬೀಜ ಹೇಗೆ ಆರಿಸುತ್ತಿದ್ದಿರಿ, ಎಷ್ಟು ಕೊಡ ನೀರು ಎಲ್ಲಿಂದ ತರುತ್ತಿದ್ದಿರಿ, ಕೂಲಿ ಎಷ್ಟು, ಅದನ್ನು ಯಾರ ಕೈಗೆ ಕೊಡುತ್ತಿದ್ದರು, ಜಮೀನು ಯಾರ ಹೆಸರಿನಲ್ಲಿತ್ತು ಎಂದು ಕೇಳಿ. ಆ ಧ್ವನಿಗಳನ್ನು ಕಾಪಿಡಲು ಈ ಸಂಸ್ಥೆಯ ಗ್ರಂಥಾಲಯದಲ್ಲಿ ಒಂದು ಕಪಾಟು ಮೀಸಲಾಗಲಿ.

ದತ್ತಿಯ ಕುಟುಂಬದವರಲ್ಲಿಯೂ ಆಡಳಿತ ಮಂಡಳಿಯಲ್ಲಿಯೂ ಇನ್ನೊಂದು ವಿನಂತಿ. ಮುಂದಿನ ವರ್ಷ ಈ ಉಪನ್ಯಾಸಕ್ಕೆ ನನ್ನಂಥವರ ಬದಲು ಬೀಜ ಕಾಪಾಡಿದ, ಹುಳು ಸಾಕಿದ, ಮಗ್ಗಕ್ಕೆ ನೂಲು ಸುತ್ತಿದ ಒಬ್ಬ ತಾಯಿಯನ್ನು ಕರೆಯಿರಿ. ಅವರು ಕೂತು ಮಾತನಾಡಲಿ, ನಾವು ಬರೆದುಕೊಳ್ಳೋಣ. ಉಪನ್ಯಾಸಕರಿಗೆ ಸಲ್ಲುವ ಗೌರವಧನವನ್ನು ಅವರ ಹೆಸರಿಗೇ ಬರೆದು, ಅವರ ಕೈಗೇ ಕೊಡಿ.